ನೀರಿಗಿಳಿದ ಏಳು ಕತ್ತಿಗಳು: ಮನೆಯ ಕುಲುಮೆಯ ಒಂದು ಪ್ರಕರಣ ಅಧ್ಯಯನ

ಶಿರಸಿ ತಾಲ್ಲೂಕಿನ ನಮ್ಮ ಮನೆಯ ಹಿಂದೆ, ಮೊದಲು ದನ ಕಟ್ಟುತ್ತಿದ್ದ ಕೊಟ್ಟಿಗೆಯ ಒಂದು ಮೂಲೆಯನ್ನು ಕತ್ತಿ ಮಾಡುವ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಆ ಜಾಗದಲ್ಲಿ ಲಾರಿಯ ಬ್ರೇಕ್ ಡ್ರಮ್ಮಿನಿಂದ ಮಾಡಿಕೊಂಡ ಇದ್ದಿಲಿನ ಕುಲುಮೆ, ಅದಕ್ಕೆ ಗಾಳಿ ಊದುವ ಸಣ್ಣ ಬ್ಲೋವರ್, ಕಾದ ಕಬ್ಬಿಣ ಇಟ್ಟು ತಟ್ಟುವ ಅಡಿಗಲ್ಲಿನ ಬದಲಿಗೆ ಹಲಸಿನ ಕೊರಡಿನ ಮೇಲೆ ಕೂರಿಸಿದ ದಪ್ಪ ಕಬ್ಬಿಣದ ದಿಮ್ಮಿ, ಒಂದು ವೈಸ್, ಆಂಗಲ್ ಗ್ರೈಂಡರ್ ಮತ್ತು ಬೆಲ್ಟ್ ಗ್ರೈಂಡರ್ ಇವೆ. ತೋಟದ ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ನಾಲ್ಕು ವರ್ಷಗಳಿಂದ ಇಲ್ಲಿ ಅಡುಗೆಮನೆಯ ಕತ್ತಿಗಳನ್ನು ಮಾಡುತ್ತಿದ್ದೇನೆ. ಈ ಬರಹ ಆ ನಾಲ್ಕು ವರ್ಷಗಳ ಕಥೆಯಲ್ಲ. ಒಂದೇ ದಿನ, ಒಂದೇ ಬೇಡಿಕೆಯ ಏಳು ಕತ್ತಿಗಳಲ್ಲಿ ಐದು ಕೆಟ್ಟುಹೋದ ಪ್ರಕರಣದ ಪೂರ್ಣ ವಿವರ.

ಬೇಡಿಕೆ ಬಂದದ್ದು ಮದುವೆ, ಮುಂಜಿಗಳಿಗೆ ಅಡುಗೆ ಮಾಡುವ ತಂಡದ ಹಿರಿಯ ಭಟ್ಟರೊಬ್ಬರಿಂದ. ಯುಗಾದಿಯ ನಂತರ ಕಾರ್ಯಗಳು ಸಾಲಾಗಿ ಇರುವುದರಿಂದ, ಸಿಹಿಗುಂಬಳ, ಸುವರ್ಣಗಡ್ಡೆ, ಬಾಳೆದಿಂಡು ಹೆಚ್ಚಲು ಎಂಟು ಇಂಚಿನ ಅಲಗಿನ ಏಳು ಕತ್ತಿಗಳು ಬೇಕೆಂದರು. ಪೇಟೆಯಲ್ಲಿ ಸಿಗುವ ತುಕ್ಕುಹಿಡಿಯದ ಕತ್ತಿಗಳು ಒಂದು ಮಧ್ಯಾಹ್ನದ ಅಡುಗೆಗೆ ಎರಡು ಸಲ ಮಸೆಯುವುದನ್ನು ಕೇಳುತ್ತವೆ ಎಂಬುದು ಅವರ ದೂರು. ಅಲಗಿನ ಅಳತೆಯ ಬಗ್ಗೆ ಒಂದು ಮಾತು: ಶಸ್ತ್ರಾಸ್ತ್ರ ಕಾಯಿದೆಯಡಿಯ 2016ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆಯಾದರೂ, ಮನೆಬಳಕೆಗೂ ಕೃಷಿಗೂ ರೂಪಿಸಿದವುಗಳನ್ನು ಹೊರಗಿಡುತ್ತವೆ. ನಮ್ಮ ಕತ್ತಿಗಳು ಅಡುಗೆಮನೆಯವು, ಉದ್ದವೂ ಮಿತಿಯೊಳಗಿನದು. ಹಾಗಾಗಿ ಆ ಚಿಂತೆ ಇರಲಿಲ್ಲ.

ಉಕ್ಕು ಗುಜರಿಯಿಂದ ತಂದ ಲಾರಿ ಸ್ಪ್ರಿಂಗಿನ ಪ್ಲೇಟು. ನಮ್ಮ ಕಡೆ ಹೊಲಗತ್ತಿ, ಕುಡುಗೋಲು, ಮೆಟ್ಟುಗತ್ತಿ ಎಲ್ಲವೂ ಬಹುಕಾಲದಿಂದ ಇದರಿಂದಲೇ ಆಗುತ್ತಿವೆ. ಭಾರತದ ಲಾರಿಗಳ ಪ್ಲೇಟುಗಳು ಸಾಮಾನ್ಯವಾಗಿ ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತ ಇಎನ್ 45 ಆಗಿರುತ್ತವೆ, ಇಲ್ಲವೇ ಕ್ರೋಮಿಯಂ ಮತ್ತು ಮ್ಯಾಂಗನೀಸ್ ಬೆರೆತ ಎಸ್‌ಯುಪಿ 9 ಆಗಿರುತ್ತವೆ. ಎರಡರಲ್ಲೂ ಉಕ್ಕಿಗೆ ಗಟ್ಟಿತನ ಕೊಡುವ ಇಂಗಾಲ ಸುಮಾರು ಶೇಕಡಾ 0.5ರಿಂದ 0.6. ಎರಡನ್ನೂ ತಯಾರಕರು ಎಣ್ಣೆಯಲ್ಲಿ ಹದ ಮಾಡುವ, ಅಂದರೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ಉಕ್ಕುಗಳೆಂದೇ ಹೇಳುತ್ತಾರೆ. ಈ ಮಾತನ್ನು ನಾನು ಓದಿದ್ದೆ. ಓದಿಯೂ ನೀರನ್ನೇ ಬಳಸಿದೆ. ಏಕೆಂದರೆ ಊರಿನ ಆಚಾರಿಯವರ ಕುಲುಮೆಯ ಪಕ್ಕದ ಕಲ್ಲುಮರಿಗೆಯಲ್ಲಿ ಚಿಕ್ಕಂದಿನಿಂದ ನೋಡಿದ್ದು ನೀರನ್ನೇ, ಮತ್ತು ಅದುವರೆಗೆ ಒಂದೊಂದಾಗಿ ಮಾಡಿದ ನನ್ನ ಕತ್ತಿಗಳೂ ನೀರಿನಲ್ಲಿ ಹೇಗೋ ಉಳಿದುಕೊಂಡಿದ್ದವು.

ಹದ ಹಾಕಿದ ದಿನ

ಫೆಬ್ರುವರಿಯ ಒಂದು ಮಧ್ಯಾಹ್ನ, ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟುಕೊಂಡು ಏಳನ್ನೂ ಒಂದೇ ಓಟದಲ್ಲಿ ಹದ ಮಾಡಲು ಕುಳಿತೆ. ಅದಕ್ಕೆ ಮೊದಲಿನ ಹತ್ತು ದಿನಗಳಲ್ಲಿ ಪ್ಲೇಟನ್ನು ಕಾಯಿಸಿ ತಟ್ಟಿ, ರಾತ್ರಿಯಿಡೀ ಬೂದಿಯಲ್ಲಿ ಹೂತು ಮೆತ್ತಗಾಗಿಸಿ, ಆಕಾರಕ್ಕೆ ಕತ್ತರಿಸಿ, ಬೆಲ್ಟಿನಲ್ಲಿ ಬಾಯಿಯತ್ತ ಇಳಿಜಾರು ತೆಗೆದು, ಹಿಡಿಯ ಮೊಳೆಗಳಿಗೆ ತೂತು ಕೊರೆದು ಸಿದ್ಧಮಾಡಿಕೊಂಡಿದ್ದೆ. ಮೊದಲ ಕತ್ತಿ ಕೆಂಪಗಾಗಿ ನೀರಿಗಿಳಿದು ಸೊಗಸಾಗಿ ಹೊರಬಂತು. ಎರಡನೆಯದು ನೀರಿನೊಳಗಿದ್ದಾಗಲೇ ಉಗುರಿನಿಂದ ಗಾಜಿನ ಲೋಟ ತಟ್ಟಿದಂತೆ ‘ಟಿಕ್’ ಎಂದಿತು. ಆ ಸದ್ದನ್ನು ಒಮ್ಮೆ ಕೇಳಿದವರಿಗೆ ಅದೇನೆಂದು ವಿವರಿಸಬೇಕಾಗಿಲ್ಲ. ಅಲಗಿನ ನಡುವೆ, ಬಾಯಿಯಿಂದ ಬೆನ್ನಿನವರೆಗೆ, ಕೂದಲಿನಂಥ ಗೆರೆ. ಮೂರನೆಯದು ಸದ್ದಿಲ್ಲದೆ ಬಂತು, ಆದರೆ ಮೇಜಿನ ಮೇಲಿಟ್ಟ ಎರಡು ನಿಮಿಷದ ಮೇಲೆ ಅಲಗು ಮತ್ತು ಬಾಲ (ಹಿಡಿಯೊಳಗೆ ಹೋಗುವ ಭಾಗ) ಸೇರುವ ಮೂಲೆಯಲ್ಲಿ ತಾನಾಗಿಯೇ ಸೀಳಿತು. ನಾಲ್ಕನೆಯದು ಬಾಳೆಲೆಯ ದಂಟಿನಂತೆ ಒಂದು ಬದಿಗೆ ಬಾಗಿತು. ಐದನೆಯದರ ಬಾಯಿಯಲ್ಲಿ ಮೂರು ಕಡೆ ಅರ್ಧಚಂದ್ರಾಕಾರದ ಸಣ್ಣ ಬಿರುಕುಗಳು ಬಿದ್ದವು. ಇಷ್ಟಾದ ಮೇಲೂ ನಿಲ್ಲಿಸದೆ ಉಳಿದೆರಡನ್ನು ಮುಗಿಸಿದೆನೆಂಬುದು ಈ ಪ್ರಕರಣದಲ್ಲಿ ನನಗೆ ಹೆಚ್ಚು ನಾಚಿಕೆ ತರಿಸುವ ಸಂಗತಿ. ಮೂರನೆಯದು ಸೀಳಿದಾಗಲೇ ಬ್ಲೋವರ್ ಆರಿಸಬೇಕಿತ್ತು.

ಸಂಜೆ ಲೆಕ್ಕ ಹಾಕಿದಾಗ ಸರಿಯಾಗಿ ಕಂಡವು ಮೂರು: ಒಂದನೆಯದು, ಆರನೆಯದು, ಏಳನೆಯದು. ಅವುಗಳ ಮೇಲೂ ನಂಬಿಕೆ ಉಳಿಯದೆ, ಹಳೆಯ ಗ್ಯಾರೇಜುಗಳಲ್ಲಿ ಬಳಕೆಯಲ್ಲಿದ್ದ ಒಂದು ಪರೀಕ್ಷೆ ಮಾಡಿದೆ. ಅಲಗಿಗೆ ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಉಜ್ಜಿ ಕಾಯಬೇಕು. ಕಣ್ಣಿಗೆ ಕಾಣದ ಬಿರುಕಿನೊಳಗೆ ಇಂಗಿದ ಎಣ್ಣೆ ಮೆಲ್ಲನೆ ಮೇಲೆದ್ದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಏಳನೆಯ ಕತ್ತಿಯ ಮೊನೆಯ ಬಳಿ ಅಂಥ ಗೆರೆ ಮೂಡಿತು. ಹೀಗೆ ಉಳಿದದ್ದು ಎರಡು.

ಮುರಿದ ಮುಖಗಳು ಹೇಳಿದ್ದು

ಮೊದಲ ಯೋಚನೆ ಸರಳವಾಗಿತ್ತು: ನೀರಿನ ತಪ್ಪು, ಇನ್ನು ಮುಂದೆ ಎಣ್ಣೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಒಂದೇ ಮರಿಗೆಯ ಒಂದೇ ನೀರಿಗೆ ಇಳಿದ ಏಳು ಕತ್ತಿಗಳು ಐದು ಬಗೆಯಾಗಿ ವರ್ತಿಸಿದ್ದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. ಮರುದಿನ ಕೆಟ್ಟವುಗಳನ್ನು ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ವೈಸಿನಲ್ಲಿ ಹಿಡಿದು ಬಿರುಕಿನ ಜಾಗದಲ್ಲೇ ಪೂರ್ತಿ ಮುರಿದೆ. ಮುರಿದ ಮುಖವನ್ನು ಬಿಸಿಲಿನಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಉಕ್ಕು ತನ್ನ ಚರಿತ್ರೆಯನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಬಿರುಕಿನ ಮುಖ ಕಪ್ಪಾಗಿದ್ದರೆ ಅದು ಕುಲುಮೆಗೆ ಹೋಗುವ ಮೊದಲೇ ಇತ್ತು, ಒಳಗೆ ಗಾಳಿ ಹೊಕ್ಕು ಸುಟ್ಟಿದೆ ಎಂದರ್ಥ. ನೀರಿನಲ್ಲಿ ಬಿದ್ದ ಬಿರುಕು ಬೂದುಬಣ್ಣದ್ದಾಗಿ, ಹೆಚ್ಚೆಂದರೆ ನೀರು ನುಗ್ಗಿ ತುಸು ತುಕ್ಕಿನ ಕಲೆಯಾಗಿ ಇರುತ್ತದೆ. ಕೈಯಿಂದ ಈಗಷ್ಟೇ ಮುರಿದ ಭಾಗ ಹೊಳೆಯುತ್ತದೆ.

ಎರಡನೆಯ ಕತ್ತಿಯ ಮುರಿದ ಮುಖದ ಕಾಲುಭಾಗ ಕಪ್ಪಾಗಿತ್ತು. ಆ ಕಪ್ಪಿನ ಅಂಚಿನಲ್ಲಿ, ಕೆರೆಯ ನೀರು ಇಳಿದಂತೆಲ್ಲ ದಡದಲ್ಲಿ ಉಳಿಯುವ ಸಾಲುಗಳಂತೆ, ಒಂದರ ಪಕ್ಕ ಒಂದು ಬಾಗಿದ ಗೆರೆಗಳಿದ್ದವು. ಇದು ದಣಿವಿನ ಬಿರುಕು. ಲಾರಿ ಹೊಂಡಕ್ಕೆ ಇಳಿದು ಏಳುವಾಗಲೆಲ್ಲ ಪ್ಲೇಟು ಬಾಗಿ ನೆಟ್ಟಗಾಗುತ್ತದೆ; ಲಕ್ಷಾಂತರ ಸಲ ಹಾಗಾದ ಮೇಲೆ, ಬಹುಪಾಲು ನಡುವಿನ ಬೋಲ್ಟಿನ ತೂತಿನ ಸುತ್ತ, ಸೂಕ್ಷ್ಮ ಬಿರುಕು ಹುಟ್ಟಿ ಅಂಗುಲ ಅಂಗುಲವಾಗಿ ಬೆಳೆಯುತ್ತದೆ. ನಾನು ಆ ತೂತಿನ ಪಕ್ಕದ ತುಂಡನ್ನೇ, ವ್ಯರ್ಥವಾಗಬಾರದೆಂದು, ಈ ಕತ್ತಿಗೆ ಬಳಸಿದ್ದೆ. ತಟ್ಟುವಾಗ ಬಿರುಕಿನ ಬಾಯಿ ಮುಚ್ಚಿಕೊಂಡಿತ್ತು. ಮುಚ್ಚಿಕೊಂಡದ್ದು ಬೆಸೆದುಕೊಂಡಂತಲ್ಲ.

ಮೂರನೆಯದರ ಕಥೆ ಬೇರೆ. ಮುಖ ಬೂದುಬಣ್ಣದ್ದೇ, ಅಂದರೆ ಹದದಲ್ಲೇ ಸೀಳಿದ್ದು. ಆದರೆ ಅಲಗು ಬಾಲಕ್ಕೆ ಇಳಿಯುವ ಮೂಲೆಯನ್ನು ನಾನು ಆಂಗಲ್ ಗ್ರೈಂಡರಿನ ಚಕ್ರದಿಂದ ಚೌಕಾಕಾರವಾಗಿ, ಒಳಮೂಲೆ ಚೂಪಾಗಿರುವಂತೆ ಕತ್ತರಿಸಿದ್ದೆ. ಒಳಗಿನ ಎಳೆತವೆಲ್ಲ ಅಂಥ ಮೂಲೆಯಲ್ಲಿ ಬಂದು ಸೇರುತ್ತದೆ. ಹೊಸ ಬಟ್ಟೆಯನ್ನು ಕತ್ತರಿಯಿಂದ ಒಂದು ಗೀರು ಕೊಟ್ಟು ಕೈಯಲ್ಲಿ ಹರಿಯುವುದೂ ಇದೇ ತತ್ತ್ವದ ಮೇಲೆ. ಅದರ ಜೊತೆಗೆ ಈ ಕತ್ತಿಯ ಉಕ್ಕಿನ ಕಣಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಸರಿಯಾದ ಕಾವಿನಲ್ಲಿ ಹದವಾದ ಉಕ್ಕಿನ ಮುರಿದ ಮುಖ ರಾಗಿಹಿಟ್ಟಿನಂತೆ ನುಣ್ಣಗೆ, ಮಂಕಾಗಿ ಇರಬೇಕು. ಇದು ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಕಾವು ಹೆಚ್ಚಾದಷ್ಟೂ ಕಣಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ. ದೊಡ್ಡ ಕಣದ ಉಕ್ಕು ಗಟ್ಟಿಯಾಗುತ್ತದೆ, ಆದರೆ ತಾಳಿಕೊಳ್ಳುವುದಿಲ್ಲ.

ಕಾವು ಹೆಚ್ಚಾದದ್ದಕ್ಕೆ ಕಾರಣ ತೆರೆದಿಟ್ಟ ಬಾಗಿಲು. ಕಬ್ಬಿಣದ ಕೆಂಪು ಬಣ್ಣವನ್ನು ಕಣ್ಣು ಸುತ್ತಲಿನ ಬೆಳಕಿಗೆ ಹೋಲಿಸಿ ಅಳೆಯುತ್ತದೆ. ಕತ್ತಲೆಯಲ್ಲಿ ಹೊಳೆಯುವ ಕೆಂಪಾಗಿ ಕಾಣುವ ಅಲಗು ನಡುಮಧ್ಯಾಹ್ನದ ಬೆಳಕಿನಲ್ಲಿ ಮಂಕಾಗಿ ತೋರುವುದರಿಂದ, ‘ಇನ್ನೂ ಆಗಿಲ್ಲ’ ಎಂದು ಗಾಳಿ ಹೆಚ್ಚಿಸುತ್ತ ಹೋಗಿದ್ದೆ. ಮೊದಲ ಕತ್ತಿ ಇದ್ದಿಲು ಇನ್ನೂ ಪೂರ್ತಿ ಹತ್ತುವ ಮೊದಲೇ ಹೋದ್ದರಿಂದ ಉಳಿಯಿತು. ಆಮೇಲಿನವುಗಳಲ್ಲಿ ಕೆಲವು ಅತಿಯಾಗಿ ಕಾದವು.

ಐದನೆಯ ಕತ್ತಿಯ ಅರ್ಧಚಂದ್ರಗಳು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದವು. ಮೂರು ಬಿರುಕುಗಳೂ ಬೆಲ್ಟಿನ ಗೀರುಗಳ ದಿಕ್ಕಿನಲ್ಲೇ ಹೊರಟಿದ್ದವು. 40 ಅಂಕಿಯ ಒರಟು ಬೆಲ್ಟಿನಲ್ಲಿ ಬಾಯಿಗೆ ಅಡ್ಡಲಾಗಿ ತಿಕ್ಕಿ, ಆ ಗೀರುಗಳನ್ನು ಹಾಗೆಯೇ ಬಿಟ್ಟು ಹದಕ್ಕೆ ಒಯ್ದಿದ್ದೆ, ಆಮೇಲೆ ಹೇಗೂ ನುಣುಪು ಮಾಡುವುದಿದೆಯಲ್ಲ ಎಂಬ ಉದಾಸೀನದಿಂದ. ಸಾಲದ್ದಕ್ಕೆ ಈ ಕತ್ತಿಯ ಬಾಯಿಯನ್ನು ಅರ್ಧ ಮಿಲಿಮೀಟರಿಗಿಂತ ತೆಳ್ಳಗೆ ತಂದಿದ್ದೆ. ಉಕ್ಕು ಕಾದ ಸ್ಥಿತಿಯಿಂದ ತಣಿಯುವಾಗ ಮೊದಲು ಕುಗ್ಗುತ್ತದೆ. ಸುಮಾರು 300 ಡಿಗ್ರಿಗಿಂತ ಕೆಳಗಿಳಿದಾಗ ಅದರ ಒಳರಚನೆ ಮಾರ್ಟೆನ್‌ಸೈಟ್ ಎಂಬ ಗಟ್ಟಿ ರೂಪಕ್ಕೆ ತಿರುಗಲು ಆರಂಭಿಸಿ ಮತ್ತೆ ಹಿಗ್ಗುತ್ತದೆ. ತೆಳು ಬಾಯಿ ನೀರಿನಲ್ಲಿ ಕ್ಷಣಮಾತ್ರದಲ್ಲಿ ಈ ಘಟ್ಟ ದಾಟಿ ಗಾಜಿನಂತಾಗಿರುವಾಗ, ದಪ್ಪ ಬೆನ್ನು ಇನ್ನೂ ಕುಗ್ಗುತ್ತಿರುತ್ತದೆ, ಆಮೇಲೆ ತಾನೂ ಹಿಗ್ಗತೊಡಗುತ್ತದೆ. ಬಾಗಲಾರದ ಬಾಯಿಯನ್ನು ಬೆನ್ನು ಹೀಗೆ ಹಿಡಿದೆಳೆದಾಗ, ಎಲ್ಲಿ ಗೀರಿದೆಯೋ ಅಲ್ಲಿ ಅದು ಬಿಟ್ಟುಕೊಡುತ್ತದೆ. ನೀರು ಈ ಅಂತರವನ್ನು ಅತಿಯಾಗಿಸುತ್ತದೆ. ಅಲಗಿನ ಸುತ್ತ ಹುಟ್ಟುವ ಆವಿಯ ಹೊದಿಕೆ ಒಂದು ಕಡೆ ಒಡೆದು ಇನ್ನೊಂದು ಕಡೆ ಉಳಿದರೆ ತಣಿಯುವಿಕೆಯೂ ತುಂಡುತುಂಡಾಗುತ್ತದೆ.

ನಾಲ್ಕನೆಯದು ಬಾಗಿದ್ದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ: ಎರಡು ಬದಿಯ ಇಳಿಜಾರುಗಳು ಸಮವಾಗಿರಲಿಲ್ಲ, ನೀರಿಗೆ ಓರೆಯಾಗಿ ಇಳಿಸಿದ್ದೆ. ಏಳನೆಯದು ಮೂರನೆಯದರಂತೆಯೇ ಅತಿಯಾಗಿ ಕಾದದ್ದು.

ಸರಿಯಾಗಿ ಉಳಿದ ಎರಡರಲ್ಲೂ ಒಂದು ಗೊಂದಲ ಎದ್ದಿತು. ಅರದಿಂದ ಬಾಯಿಯನ್ನು ಉಜ್ಜಿದಾಗ ಅರ ಜಾರಬೇಕು, ಆದರೆ ಕಚ್ಚಿತು. ಹದವೇ ಬಂದಿಲ್ಲವೆಂದು ಎಸೆಯುವುದರಲ್ಲಿದ್ದೆ. ಹತ್ತು ಸಲ ಉಜ್ಜಿದ ಮೇಲೆ ಅದೇ ಅರ ಗಾಜಿನ ಮೇಲೆ ಓಡಿದಂತೆ ಜಾರತೊಡಗಿತು. ಗಾಳಿ ಹೆಚ್ಚಿರುವ ಬೆಂಕಿಯಲ್ಲಿ ಹೊರಪದರದ ಇಂಗಾಲ ಸುಟ್ಟುಹೋಗಿ ತೆಳುವಾದ ಮೆತ್ತನೆಯ ಸಿಪ್ಪೆ ಉಳಿಯುತ್ತದೆ, ಸಿಲಿಕಾನ್ ಹೆಚ್ಚಿರುವ ಸ್ಪ್ರಿಂಗ್ ಉಕ್ಕಿನಲ್ಲಿ ಇದು ಇನ್ನೂ ಹೆಚ್ಚು. ಅದನ್ನು ತೆಗೆದರೆ ಒಳಗೆ ಒಳ್ಳೆಯ ಉಕ್ಕೇ ಇರುತ್ತದೆ. ಈ ಸಿಪ್ಪೆಯನ್ನು ನೋಡಿಯೇ ‘ಗುಜರಿ ಉಕ್ಕು ಹದಕ್ಕೆ ಬರುವುದಿಲ್ಲ’ ಎಂದು ಕೈಬಿಟ್ಟವರು ಎಷ್ಟು ಜನರೋ.

ಆಚಾರಿಯವರ ಮರಿಗೆ

ಇಷ್ಟೆಲ್ಲ ತಿಳಿದ ಮೇಲೂ ಒಂದು ಗಂಟು ಬಿಚ್ಚಿರಲಿಲ್ಲ. ಅದೇ ಲಾರಿ ಪ್ಲೇಟು, ಅದೇ ಇದ್ದಿಲು, ಅದೇ ನೀರು. ಆಚಾರಿಯವರ ಕತ್ತಿಗಳು ಏಕೆ ಸೀಳುವುದಿಲ್ಲ? ಮುರಿದ ತುಂಡುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ವಯಸ್ಸಾಗಿ ಕುಲುಮೆಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದ ಅವರು ತುಂಡುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು ನೋಡಿದರು.

“ಇಡೀ ಕತ್ತಿ ಮುಳುಗಿಸಿದಿರೇನು?”

“ಹೌದು ಆಚಾರ್ರೇ. ನೀವೂ ನೀರಿಗೇ ಹಾಕ್ತಿದ್ರಲ್ಲ?”

“ನಾನು ಬಾಯಿಗೆ ನೀರು ಮುಟ್ಟಿಸ್ತಿದ್ದೆ ಮಾರಾಯ್ರೆ, ಕತ್ತಿಗೆ ಸ್ನಾನ ಮಾಡಿಸ್ತಿರಲಿಲ್ಲ.”

ಆ ಸಂಜೆ, ಹೊರಗಿನ ಬೆಳಕು ಇಳಿದ ಮೇಲೆ, ಮಗನ ಕುಲುಮೆಯಲ್ಲೇ ಒಂದು ಹೊಲಗತ್ತಿಯನ್ನು ಅವರು ಹದ ಮಾಡಿ ತೋರಿಸಿದರು. ಬಾಯಿಯ ಅರ್ಧ ಅಂಗುಲವನ್ನಷ್ಟೇ ನೀರಿಗೆ ತಾಗಿಸಿ, ಒಂದೇ ಕಡೆ ಗೆರೆ ಬೀಳದಂತೆ ಮೇಲೆ ಕೆಳಗೆ ಆಡಿಸಿ, ಬೆನ್ನು ಇನ್ನೂ ಕೆಂಪಿರುವಾಗಲೇ ಹೊರತೆಗೆದರು. ಇಟ್ಟಿಗೆಯ ಚೂರಿನಿಂದ ಬಾಯಿಯನ್ನು ಉಜ್ಜಿ ಬಿಳಿ ಮಾಡಿದರು. ಬೆನ್ನಿನಲ್ಲಿ ಉಳಿದ ಕಾವು ಬಾಯಿಯತ್ತ ಹರಿದುಬರುತ್ತಿದ್ದಂತೆ ಆ ಬಿಳುಪಿನ ಮೇಲೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ಅದರ ಬೆನ್ನಿಗೆ ನೇರಳೆ ಓಡಿಬಂದವು. ಕಂದು ಬಾಯಿಗೆ ಮುಟ್ಟಿದ ಕ್ಷಣ ಇಡೀ ಕತ್ತಿಯನ್ನು ನೀರಿಗೆ ಬಿಟ್ಟರು. ಗಟ್ಟಿ ಮಾಡುವುದು ಮತ್ತು ಸುಲಭಕ್ಕೆ ಮುರಿಯದಂತೆ ಆ ಗಟ್ಟಿತನವನ್ನು ತುಸು ಇಳಿಸುವುದು, ನನಗೆ ಎರಡು ದಿನದ ಎರಡು ಕೆಲಸಗಳಾಗಿದ್ದವು, ಅವರಲ್ಲಿ ಒಂದೇ ಉಸಿರಿನಲ್ಲಿ ಮುಗಿದವು. ಬೆನ್ನು ಗಟ್ಟಿಯಾಗುವುದೇ ಇಲ್ಲವಾದ್ದರಿಂದ ಬಾಯಿಯನ್ನು ಹಿಡಿದೆಳೆಯುವ ಜಗಳವೂ ಅಷ್ಟು ಬಿರುಸಾಗಿರುವುದಿಲ್ಲ. ಜೊತೆಗೆ ಅವರ ಕತ್ತಿಯ ಬಾಯಿ ಹದಕ್ಕೆ ಹೋಗುವಾಗ ಎರಡು ಮಿಲಿಮೀಟರ್ ದಪ್ಪ ಇತ್ತು, ಸುತ್ತಿಗೆಯಿಂದಲೇ ತಟ್ಟಿ ನುಣುಪಾದದ್ದು, ಬೆಲ್ಟಿನ ಗೀರು ಒಂದೂ ಇರಲಿಲ್ಲ, ಚೂಪಾದ ಒಳಮೂಲೆಯೂ ಇರಲಿಲ್ಲ. ನಾನು ಅವರಿಂದ ನೀರನ್ನು ಮಾತ್ರ ಕದ್ದು ತಂದಿದ್ದೆ.

‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ಮೂಸೆಯಲ್ಲಿ ಮಾಡಿದ ಹಳೆಯ ಉಕ್ಕಿಗೆ ಇಂಗ್ಲಿಷಿನಲ್ಲಿರುವ ‘ವೂಟ್ಸ್’ ಎಂಬ ಹೆಸರು ಬಂದಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಮಾಡಿದ ಕುರುಹುಗಳಿವೆ. ಆ ಹಳೆಯ ಉಕ್ಕಿನಲ್ಲಿ ಇಂಗಾಲ ಶೇಕಡಾ 1ನ್ನೂ ಮೀರಿ ಇರುತ್ತಿತ್ತು, ಇಂಗಾಲ ಹೆಚ್ಚಿದಷ್ಟೂ ನೀರಿನಲ್ಲಿ ಸೀಳುವ ಭಯವೂ ಹೆಚ್ಚು. ನನ್ನ ಮಧ್ಯಾಹ್ನದ ಪದ್ಧತಿಯಲ್ಲಿ ಅದನ್ನು ನೀರಿಗಿಳಿಸಿದ್ದರೆ ಏಳರಲ್ಲಿ ಒಂದೂ ಉಳಿಯುತ್ತಿರಲಿಲ್ಲವೇನೋ.

ಎರಡನೆಯ ಸುತ್ತು

ಅಡುಗೆಮನೆಯ ತೆಳುಗತ್ತಿಗೆ ಆಚಾರಿಯವರ ವಿಧಾನವನ್ನು ಹಾಗೆಯೇ ತರಲಾಗದು. ಅದಕ್ಕೆ ಬೇಕಾದ ಕೈ ನನ್ನಲ್ಲಿಲ್ಲ, ತೆಳು ಬೆನ್ನಿನಲ್ಲಿ ಅಷ್ಟು ಕಾವೂ ಉಳಿಯುವುದಿಲ್ಲ. ಹಾಗಾಗಿ ಅಳೆಯಬಹುದಾದ ದಾರಿಯನ್ನೇ ಆರಿಸಿಕೊಂಡೆ.

ಮೊದಲು ಉಕ್ಕು ಬದಲಾಯಿಸಿದೆ. ಸ್ಪ್ರಿಂಗ್ ಕಟ್ಟುವ ಅಂಗಡಿಯಲ್ಲಿ ಹೊಸ ಪ್ಲೇಟುಗಳನ್ನು ಅಳತೆಗೆ ಕತ್ತರಿಸಿದಾಗ ಉಳಿಯುವ ತುದಿತುಂಡುಗಳು ಗುಜರಿಯ ದರಕ್ಕೇ ಸಿಗುತ್ತವೆ. ಅವು ಒಂದು ದಿನವೂ ಲಾರಿಯ ಕೆಳಗೆ ದುಡಿದವಲ್ಲ, ಆದ್ದರಿಂದ ದಣಿವಿನ ಬಿರುಕಿನ ಭಯವಿಲ್ಲ. ಇಎನ್ 45 ಎಂದರು ಅಂಗಡಿಯವರು. ಅದನ್ನು ನಂಬಿ ಕೂರದೆ ಬೆರಳಗಲದ ನಾಲ್ಕು ಚೂರುಗಳನ್ನು ಕತ್ತರಿಸಿ, ಸಂಜೆಗತ್ತಲಲ್ಲಿ ನಾಲ್ಕು ಬೇರೆ ಬೇರೆ ಕಾವುಗಳಿಂದ ಎಣ್ಣೆಗೆ ಹಾಕಿ ಮುರಿದು ನೋಡಿದೆ. ಕಾವು ಅಳೆಯಲು ಎರಡು ಅಗ್ಗದ ಸಾಕ್ಷಿಗಳು ಮನೆಯಲ್ಲೇ ಇವೆ. ಒಂದು ಅಯಸ್ಕಾಂತ: ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಅಂಟುವುದಿಲ್ಲ. ಇನ್ನೊಂದು ಅಡುಗೆಯ ಉಪ್ಪು, ಅದು ಕರಗುವುದು 801 ಡಿಗ್ರಿಯಲ್ಲಿ. ಅಲಗಿನ ಮೇಲೆ ಚಿಟಿಕೆ ಉದುರಿಸಿದರೆ ನೀರಾಗಿ ಹರಡುತ್ತದೆ. ಅಯಸ್ಕಾಂತ ಬಿಟ್ಟ ಕೂಡಲೇ ಅದ್ದಿದ ಚೂರು ಮುರಿಯುವ ಮೊದಲು ಬಾಗಿತು, ಅರ್ಧ ಹದ. ಉಪ್ಪು ಕರಗಿದ ಮೇಲೆ ಇನ್ನೂ ಒಂದು ಛಾಯೆ ಏರಿಸಿ ಅದ್ದಿದ್ದು ಪಟ್ಟನೆ ಮುರಿಯಿತು, ಕಣ ರಾಗಿಹಿಟ್ಟು. ಕಿತ್ತಳೆ ಬಣ್ಣಕ್ಕೆ ಹೋದದ್ದರಲ್ಲಿ ಮಿನುಗು ಆರಂಭವಾಗಿತ್ತು, ಹಳದಿಗೆ ಹೋದದ್ದು ಪೂರಾ ಸಕ್ಕರೆ. ‘ಅಯಸ್ಕಾಂತ ಬಿಟ್ಟರೆ ಸಾಕು’ ಎಂಬ ಪ್ರಚಲಿತ ಸಲಹೆ ಈ ಉಕ್ಕಿಗೆ ಸಾಲದು ಎಂಬುದು ಇದರಿಂದ ಖಚಿತವಾಯಿತು. ಸಿಲಿಕಾನ್ ಇರುವ ಉಕ್ಕು ಹದಕ್ಕೆ ಬರಲು ತುಸು ಹೆಚ್ಚು ಕಾವನ್ನೇ ಕೇಳುತ್ತದೆ. ಮುಂದೆ ಕಾವು ಅಳೆಯುವ ಕೆ ಮಾದರಿಯ ಥರ್ಮೋಕಪಲ್ ಒಂದನ್ನು ಕೊಂಡು ಕುಲುಮೆಯೊಳಗೆ ಇಟ್ಟ ದಪ್ಪ ಕಬ್ಬಿಣದ ಕೊಳವೆಗೆ ಸಿಕ್ಕಿಸಿದೆ. ಅಲಗನ್ನು ಇದ್ದಿಲಿಗೆ ನೇರವಾಗಿ ಇಡದೆ ಆ ಕೊಳವೆಯೊಳಗೆ ಕಾಯಿಸಿದ್ದರಿಂದ ಕಾವು ಸಮವಾಯಿತು, ಗಾಳಿಯೂ ಕಡಿಮೆ ತಾಗಿ ಮೆತ್ತನೆಯ ಸಿಪ್ಪೆ ತೆಳುವಾಯಿತು.

ಅಲಗುಗಳ ತಯಾರಿಯಲ್ಲಿ ಬದಲಾದದ್ದು: ಬಾಯಿಯನ್ನು ಒಂದೂವರೆ ಮಿಲಿಮೀಟರಿನಲ್ಲೇ ನಿಲ್ಲಿಸಿದೆ, ಬಾಲದ ಮೂಲೆಯನ್ನು ದುಂಡು ಅರದಿಂದ ಸುತ್ತಿಸಿದೆ, ಮೊಳೆತೂತುಗಳ ಚೂಪು ಅಂಚನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಸವೆಸಿದೆ, 120 ಅಂಕಿಯ ಕಾಗದದಿಂದ ಉದ್ದುದ್ದಕ್ಕೆ ಉಜ್ಜಿ ಅಡ್ಡಗೀರುಗಳನ್ನೆಲ್ಲ ತೆಗೆದೆ. ಹದಕ್ಕೆ ಮೊದಲು ಮೂರು ಸಲ ಕಾಯಿಸಿ, ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಕಾವಿನಿಂದ, ಅಲ್ಲಾಡದ ಗಾಳಿಯಲ್ಲಿ ಆರಲು ಬಿಟ್ಟೆ. ತಟ್ಟುವಾಗ ಬೆಳೆದ ಕಣಗಳು ಇದರಿಂದ ಮತ್ತೆ ಚಿಕ್ಕದಾಗುತ್ತವೆ, ಒಳಗಿನ ಬಿಗುವೂ ಸಡಿಲುತ್ತದೆ.

ಎಣ್ಣೆಯನ್ನು ಭಟ್ಟರೇ ಒದಗಿಸಿದರು. ಹಪ್ಪಳ ಕರಿದು ಉಳಿದ ಶೇಂಗಾ ಎಣ್ಣೆಯನ್ನು ಸೋಸಿ, ನೀರಿನ ಪಸೆ ಉಳಿಯದಂತೆ ಚೆನ್ನಾಗಿ ಕಾಯಿಸಿ, ಎತ್ತರದ ಕಬ್ಬಿಣದ ಡಬ್ಬಿಗೆ ತುಂಬಿದೆ. ಈ ಪಸೆಯ ವಿಷಯದಲ್ಲಿ ಉದಾಸೀನ ಕೂಡದು, ಕೆಂಪು ಕಬ್ಬಿಣ ತಾಗಿದರೆ ತಳದ ನೀರು ಆವಿಯಾಗಿ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಸುಟ್ಟ ಎಂಜಿನ್ ಆಯಿಲ್ ಬಳಸುವವರಿದ್ದಾರೆ. ಅದರ ಹೊಗೆ ಎದೆಗೆ ಒಳ್ಳೆಯದಲ್ಲ. ಎಣ್ಣೆಯನ್ನು 55 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡೆ. ಬೆಚ್ಚಗಿನ ಎಣ್ಣೆ ತೆಳುವಾಗಿ ಅಲಗಿನ ಸುತ್ತ ಬೇಗ ಹರಿಯುವುದರಿಂದ, ತಣ್ಣನೆಯ ಎಣ್ಣೆಗಿಂತ ಅದೇ ಚೆನ್ನಾಗಿ ತಣಿಸುತ್ತದೆ. ಪಕ್ಕದಲ್ಲಿ ಡಬ್ಬಿಯ ಬಾಯಿ ಮುಚ್ಚುವ ತಗಡು, ಒಂದು ಬುಟ್ಟಿ ಮರಳು. ಎರಡು ಸಲ ಉರಿ ಹತ್ತಿತು, ಎರಡು ಸಲವೂ ತಗಡು ಸಾಕಾಯಿತು.

ಏಳು ಅಲಗುಗಳನ್ನು, ಈ ಸಲ ದಿನಕ್ಕೆ ಎರಡರಂತೆ, ಮೊನೆ ಕೆಳಗಾಗಿ ನೇರ ಇಳಿಸಿದೆ. ‘ಟಿಕ್’ ಎಂಬ ಸದ್ದು ಬರಲಿಲ್ಲ. ಕೊಟ್ಟಿಗೆಯ ತುಂಬ ಮದುವೆಮನೆಯ ವಾಸನೆ ಬಂತು. ಒಂದು ಮಾತ್ರ ತುಸು ಬಾಗಿತು. ಎಣ್ಣೆಯಿಂದ ತೆಗೆದ ಮೊದಲ ಕೆಲವು ಕ್ಷಣಗಳಲ್ಲಿ ಉಕ್ಕು ಪೂರ್ತಿ ಗಟ್ಟಿಯಾಗಿರುವುದಿಲ್ಲ, ಆ ಅವಕಾಶದಲ್ಲಿ ದಪ್ಪ ಕೈಗವಸು ಹಾಕಿಕೊಂಡು ಎರಡು ಸಪಾಟು ಪಟ್ಟಿಗಳ ನಡುವೆ ವೈಸಿನಲ್ಲಿ ಬಿಗಿದರೆ ನೆಟ್ಟಗಾಗುತ್ತದೆ. ನಿಮಿಷ ಕಳೆದ ಮೇಲೆ ಅದೇ ಪ್ರಯತ್ನ ಮಾಡಿದರೆ ಮುರಿಯುತ್ತದೆ.

ಗಟ್ಟಿತನ ಇಳಿಸುವ ಕೆಲಸವನ್ನು ಅದೇ ಸಂಜೆ, ಅಲಗು ಕೈಬಿಸಿಗೆ ಬಂದ ಕೂಡಲೇ, ಮನೆಯ ಓವನ್ನಿನಲ್ಲಿ ಮಾಡಿದೆ: 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ. ಓವನ್ನಿನ ತಿರುಗುಣಿ 200 ಎಂದು ತೋರಿಸುವಾಗ ಒಳಗಿಟ್ಟ ಬೇರೆ ಉಷ್ಣಮಾಪಕ 225 ತೋರಿಸಿತು. ಆ 25 ಡಿಗ್ರಿಯ ವ್ಯತ್ಯಾಸ ಕತ್ತಿಯ ಬಾಳಿಕೆಯನ್ನೇ ಬದಲಿಸಬಲ್ಲದು. ಆದ್ದರಿಂದ ಟ್ರೇಯಲ್ಲಿ ಮರಳು ತುಂಬಿ, ಅದರಲ್ಲಿ ಅಲಗುಗಳನ್ನು ಹೂತು, ಮಾಪಕವನ್ನೂ ಅಲ್ಲಿಯೇ ಚುಚ್ಚಿದೆ. ಉಜ್ಜಿ ಬಿಳಿಯಾಗಿಸಿದ ಜಾಗದಲ್ಲಿ ತಿಳಿ ಹುಲ್ಲುಬಣ್ಣ ಬಂತು. ಈ ಜಾತಿಯ ಉಕ್ಕು ಈ ಕಾವಿನಲ್ಲಿ ಗಟ್ಟಿತನದ ರಾಕ್‌ವೆಲ್ ಸಿ ಅಳತೆಯಲ್ಲಿ 57ರ ಆಸುಪಾಸಿಗೆ ನಿಲ್ಲುತ್ತದೆ. ನನ್ನಲ್ಲಿ ಅಳೆಯುವ ಯಂತ್ರವಿಲ್ಲ, ಅರವೂ ಹಿತ್ತಾಳೆಯ ಸರಳೂ ಇವೆ. ಮಸೆದ ಬಾಯಿಯನ್ನು ಹಿತ್ತಾಳೆ ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆದರೆ, ಬಾಯಿ ಕಣ್ಣಿಗೆ ಕಾಣುವಷ್ಟು ಬಾಗಿ ತಿರುಗಿ ನೆಟ್ಟಗಾಗಬೇಕು. ಬಾಗಿಯೇ ಉಳಿದರೆ ಮೆತ್ತಗೆ, ಚಕ್ಕೆ ಎದ್ದರೆ ಅತಿ ಗಡಸು. ಏಳೂ ಪಾಸಾದವು. ಆಮೇಲೆ ತಣ್ಣೀರಿನಲ್ಲಿ ಅದ್ದುತ್ತ, ಬರಿಗೈಗೆ ಬಿಸಿಯೆನಿಸಿದರೆ ನಿಲ್ಲಿಸುತ್ತ, ಬಾಯಿಯನ್ನು ಬೆಲ್ಟಿನಲ್ಲಿ ಇಳಿಸಿದೆ. ಇಲ್ಲಿ ಒಮ್ಮೆ ನೀಲಿಯಾಯಿತೆಂದರೆ ಹಿಂದಿನ ಶ್ರಮವೆಲ್ಲ ಆ ಜಾಗದಲ್ಲಿ ಹೋದಂತೆ.

ಬಳಕೆಯ ನಂತರ

ಹಿಡಿಗಳಿಗೆ ಮೂರು ವರ್ಷ ಒಣಗಿದ ಹಲಸಿನ ಹಲಗೆ, ಹಿತ್ತಾಳೆಯ ಮೊಳೆ, ಅರಾಲ್ಡೈಟ್. ಭಟ್ಟರ ತಂಡ ಒಂದು ಪೂರ್ತಿ ಕಾರ್ಯಕಾಲ, ಯುಗಾದಿಯಿಂದ ಮಳೆ ಹಿಡಿಯುವವರೆಗೆ, ಏಳನ್ನೂ ಬಳಸಿತು. ಜೂನ್ ಕೊನೆಗೆ ಮಸೆಯಲು ತಂದಾಗ ಒಂದೊಂದನ್ನೂ ನೋಡಿ ಬರೆದಿಟ್ಟೆ. ಐದು ಕತ್ತಿಗಳಲ್ಲಿ ಹೇಳುವಂಥದ್ದೇನಿಲ್ಲ. ಒಂದರ ಬಾಯಿಯಲ್ಲಿ ಎರಡು ಮಿಲಿಮೀಟರಿನ ಚಕ್ಕೆ ಹಾರಿತ್ತು. ವಿಚಾರಿಸಿದಾಗ, ಹೊಸ ಹುಡುಗನೊಬ್ಬ ಅದರಲ್ಲಿ ತೆಂಗಿನಕಾಯಿ ಒಡೆದದ್ದು ಗೊತ್ತಾಯಿತು. ತರಕಾರಿಗೆಂದು ತೆಳುವಾಗಿಸಿದ ಬಾಯಿ ಚಿಪ್ಪಿಗೆ ತಾಳುವುದಿಲ್ಲ, ಆ ಕೆಲಸಕ್ಕೆ ಆಚಾರಿಯವರ ದಪ್ಪ ಬಾಯಿಯ ಕತ್ತಿಯೇ ಸರಿ.

ಇನ್ನೊಂದರ ಹಿಡಿ ಮಳೆಗಾಲದ ಮೊದಲ ವಾರದಲ್ಲೇ ಬಿಟ್ಟುಕೊಂಡಿತ್ತು. ಮೊದಲು ಮರದ ಮೇಲೆ ಅನುಮಾನಪಟ್ಟೆ. ಬಿಚ್ಚಿ ನೋಡಿದರೆ ಅಂಟು ಮರಕ್ಕೆ ಗಟ್ಟಿಯಾಗಿ ಹಿಡಿದಿತ್ತು, ಉಕ್ಕಿನಿಂದ ಮಾತ್ರ ಸಿಪ್ಪೆಯಂತೆ ಎದ್ದಿತ್ತು, ಮತ್ತು ಬಾಲದ ತೂತಿನೊಳಗೆ ಶೇಂಗಾ ಎಣ್ಣೆಯ ಕಂದು ಪದರ ಇನ್ನೂ ಇತ್ತು. ಹದ ಹಾಕಿದ ಎಣ್ಣೆಯನ್ನು ಸರಿಯಾಗಿ ತೊಳೆಯದೆ ಅಂಟು ಹಚ್ಚಿದ್ದೆ. ಈಗ ಬಾಲವನ್ನು ಒರಟು ಕಾಗದದಿಂದ ಉಜ್ಜಿ, ಸೋಪುನೀರಿನಲ್ಲಿ ತೊಳೆದು, ಥಿನ್ನರ್ ಹಾಕಿ ಒರೆಸಿದ ಮೇಲೆಯೇ ಅಂಟಿಸುತ್ತೇನೆ.

ಭಟ್ಟರ ಕಡೆಯಿಂದ ಬಂದ ತಕರಾರು ಒಂದೇ: ಬಾಳೆದಿಂಡು ಹೆಚ್ಚಿದರೆ ಕತ್ತಿಯೂ ಕಪ್ಪು, ದಿಂಡೂ ಕಪ್ಪು. ಇದು ಹದದ ದೋಷವಲ್ಲ. ಬಾಳೆಯ ಒಗರು ರಸ ಕಬ್ಬಿಣದೊಡನೆ ಸೇರಿ, ಹಳೆಯ ಕಾಲದ ಶಾಯಿಯಂತೆಯೇ, ಕಪ್ಪಾಗುತ್ತದೆ. ತುಕ್ಕುಹಿಡಿಯದ ಉಕ್ಕಿನಲ್ಲಿ ಹಾಗಾಗುವುದಿಲ್ಲ. ಹೆಚ್ಚಿದ ಚೂರುಗಳನ್ನು ಕೂಡಲೇ ಮಜ್ಜಿಗೆನೀರಿಗೆ ಹಾಕುವ ನಮ್ಮ ಅಡುಗೆಮನೆಗಳ ರೂಢಿಯಿಂದ ಬಣ್ಣ ಬಹಳಷ್ಟು ತಡೆಯುತ್ತದೆ. ಕತ್ತಿಯನ್ನು ಒರೆಸಿ ತೆಂಗಿನೆಣ್ಣೆ ಸವರಿ ಇಟ್ಟರೆ ಸಾಕು. ಹಾಗೆಂದು ವಿವರಿಸಿದೆ. ದಿಂಡಿಗೆ ಮಾತ್ರ ಹಳೆಯ ಸ್ಟೀಲ್ ಕತ್ತಿಯನ್ನೇ ಬಳಸುತ್ತೇವೆಂದು ಅವರು ತೀರ್ಮಾನಿಸಿಕೊಂಡರು. ಅದು ನನ್ನ ವಿವರಣೆಗಿಂತ ಸುಲಭವಾದ ಪರಿಹಾರ.

ಮೊದಲ ಸುತ್ತಿನಲ್ಲಿ ಉಳಿದಿದ್ದ ಎರಡು ಕತ್ತಿಗಳ ಸಿಪ್ಪೆ ತೆಗೆದು, ಮಸೆದು, ಒಂದನ್ನು ನಮ್ಮ ಅಡುಗೆಮನೆಗೆ, ಇನ್ನೊಂದನ್ನು ಆಚಾರಿಯವರ ಮನೆಗೆ ಕೊಟ್ಟೆ. ಅವರು ಬೆನ್ನನ್ನು ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳಿ, ಏನೂ ಹೇಳದೆ ಒಳಗೆ ಕಳಿಸಿದರು. ಈ ವರ್ಷದ ಕಾರ್ಯಗಳಿಗೆ ಇನ್ನೂ ನಾಲ್ಕು ಕತ್ತಿಗಳು ಬೇಕೆಂದು ಭಟ್ಟರು ಹೇಳಿಕಳಿಸಿದ್ದಾರೆ, ಜೊತೆಗೆ ತಾವೇ ಎಲ್ಲಿಂದಲೋ ತಂದ ಒಂದು ಹಳೆಯ ಪ್ಲೇಟನ್ನೂ. ಅದರಿಂದ ಕತ್ತರಿಸಿದ ಬೆರಳಗಲದ ಚೂರು ಈಗ ವೈಸಿನಲ್ಲಿದೆ, ಕತ್ತಲಾಗುವುದನ್ನು ಕಾಯುತ್ತಿದ್ದೇನೆ.